ಬಾಕಿ ಸಂಬಳ ಬಂತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ಸೋಮವಾರ ಬಾಕಿ ಸಂಬಳ ಪೂರ್ತಿ ಖಾತೆಗೆ ಬಂತು. ಅಲ್ಲಿಗೆ ನಾನು ಮೊದಲು ಕೆಲಸ ಮಾಡುತ್ತಿದ್ದ ಸ್ವಯಂಸೇವಾ ಸಂಸ್ಥೆಗೂ ನನಗೂ ಲೆಕ್ಕ ಚುಕ್ತಾ. ಹೆಸರು ಬೇಡ, ಗೊತ್ತಿರುವವರಿಗೆ ಗೊತ್ತು.

ತೀರ್ಥಹಳ್ಳಿ, ಹೊಸನಗರ ಕಡೆ ಊರೂರಿಗೆ ಹೋಗಿ ಮಂಗನ ಕಾಯಿಲೆ ಬಗ್ಗೆ ತಿಳಿಸುವುದು ನಮ್ಮ ಕೆಲಸವಾಗಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಈ ಜ್ವರ ಹರಡುವುದು ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ ಕಚ್ಚಿ. ಮಳೆ ನಿಂತು ಕಾಡು ಒಣಗಿದಾಗ ಉಣುಗು ಜಾಸ್ತಿ, ಜನ ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವುದೂ ಅದೇ ಹೊತ್ತಿಗೆ, ಹಾಗಾಗಿ ಡಿಸೆಂಬರ್ ಒಳಗೆ ಊರು ಸುತ್ತಿ ಮುಗಿಸಬೇಕು. ನಮಗೆ ಪೋಸ್ಟರ್ ಬಂದಿದ್ದು ಜೂನ್‌ನಲ್ಲಿ, ಜಡಿಮಳೆ ಹಿಡಿದ ಮೇಲೆ! ಬೆಂಗಳೂರಿನಲ್ಲಿ ಮ್ಯಾನೇಜರ್ ಬದಲಾಗಿದ್ದರು, ಆಮೇಲೆ ಇನ್ನೊಬ್ಬರು, ಬಂದವರಿಗೆಲ್ಲ ಉಣುಗು ಅಂದರೇನು ಅಂತ ಮೊದಲಿಂದ ಹೇಳಬೇಕಿತ್ತು.

ದುಡ್ಡಿನ ಕಷ್ಟ ಸುಳ್ಳಲ್ಲ. 2020ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆ, ತಿದ್ದುಪಡಿ ಆದಮೇಲೆ ದೊಡ್ಡ ಸಂಸ್ಥೆಗಳು ವಿದೇಶಿ ದೇಣಿಗೆಯನ್ನು ಸಣ್ಣ ಸಂಸ್ಥೆಗಳಿಗೆ ದಾಟಿಸುವಂತಿಲ್ಲ. ನಾವು ನಂಬಿದ್ದು ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡನ್ನು, ಮಾರ್ಚ್ ಬಂತೆಂದರೆ ಏಪ್ರಿಲ್‌ಗೆ ಕೆಲಸ ಇದೆಯೋ ಇಲ್ಲವೋ ಅನ್ನುವ ಚಿಂತೆ. ಅದೆಲ್ಲ ಅರ್ಥವಾಗುತ್ತದೆ. ಆದರೆ ದುಡ್ಡಿಲ್ಲ ಅಂತ ನೇರವಾಗಿ ಹೇಳಲು ದುಡ್ಡೇನೂ ಬೇಕಿರಲಿಲ್ಲ ಅಲ್ವಾ? ಸುಮ್ನೆ "ಮುಂದಿನ ವಾರ" ಅನ್ನುವುದು, ಆ ವಾರ ಫೋನ್ ಎತ್ತದಿರುವುದು.

ಇರಲಿ, ಬರೆಯಲು ಕೂತಿದ್ದು ಅದಕ್ಕಲ್ಲ.

ಆಶಾ ಅಕ್ಕಂದಿರೇ, ನಿಮಗೆ ಮೊದಲ ಥ್ಯಾಂಕ್ಸ್. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ನಾನು ಹೇಳಿದರೆ ತಲೆಯಾಡಿಸುತ್ತಿದ್ದ ಜನ, ನೀವು ಗದರಿದರೆ ಅಲ್ಲೇ ಹಚ್ಚಿಕೊಳ್ಳುತ್ತಿದ್ದರು. ನಮ್ಮ ಆಫೀಸಿನಲ್ಲಿ ಯಾರೂ ಕಲಿಸದ ಕೆಲಸ ಅದು. ಬಾಡಿಗೆ ಮನೆಯ ಆಂಟಿ, ಸಂಬಳವಿಲ್ಲದ ಅಷ್ಟೂ ತಿಂಗಳು ನೀವು ಬಾಡಿಗೆ ಮಾತೇ ಎತ್ತಲಿಲ್ಲ. ನಾನೇ ಎತ್ತಿದರೆ "ಬಾಡಿಗೆ ಎಲ್ಲಿಗೆ ಓಡಿಹೋಗುತ್ತೆ ಮಾರಾಯ್ತಿ, ಕಡುಬು ಆರುತ್ತೆ, ತಿನ್ನು" ಅಂದಿರಿ. ಬಾಕಿ ಬಂದ ದಿನವೇ ನಿಮ್ಮದು ಕಳಿಸಿದ್ದೇನೆ, ನೋಡಿಕೊಳ್ಳಿ.

ಇನ್ನು ನಮ್ಮ ಲೆಕ್ಕದ ಅಣ್ಣ. ಅವರಿಗೂ ಸಂಬಳ ಇರಲಿಲ್ಲ. "ಫೋನಲ್ಲಿ ಜಗಳ ಆಡಬೇಡ, ಎಲ್ಲ ಮೇಲ್‌ನಲ್ಲಿ ಕೇಳು" ಅಂದವರು ಅವರೇ. ಶಿವಮೊಗ್ಗದ ಕಾರ್ಮಿಕ ಇಲಾಖೆಗೆ ದೂರು ಕೊಡುವಾಗ ಕೈಯಲ್ಲಿ ಇದ್ದಿದ್ದು ಆ ಮೇಲ್‌ಗಳು, ನೇಮಕಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಅಷ್ಟೇ. ಸಾಕಾಯಿತು.

ಅಣ್ಣನಿಗೂ ಇನ್ನೊಬ್ಬ ಗೆಳತಿಗೂ ಇನ್ನೂ ಬಂದಿಲ್ಲ. ಗುರುವಾರ ಇಬ್ಬರೂ ಪೇಪರ್ ಹಿಡಿದು ಶಿವಮೊಗ್ಗ ಬಸ್ ಸ್ಟ್ಯಾಂಡ್‌ಗೆ ಬನ್ನಿ, ನಾನು ರಜೆ ಹಾಕಿದ್ದೇನೆ.