ಸುರಂಗ ದಾಖಲಾತಿ ಮತ್ತು ತೋಡಿನ ಕಟ್ಟ

ಎಲ್ಲರಿಗೂ ನಮಸ್ಕಾರ. ಪಂಚಾಯತಿನ ನೀರು-ಮಣ್ಣಿನ ಕೆಲಸ ನೋಡಿಕೊಳ್ಳುವವನು ಬರೆಯುತ್ತಿದ್ದೇನೆ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳನ್ನು ದಾಖಲಿಸಲು ಸೋಮವಾರದಿಂದ ಮನೆಮನೆಗೆ ಬರುತ್ತೇವೆ. ಬತ್ತಿದ್ದನ್ನೂ ತೋರಿಸಿ. ಒಳಗೆ ಮುರಕಲ್ಲು ಕುಸಿದಿರಬಹುದು, ಫೋಟೋಗೆಂದು ಯಾರೂ ಟಾರ್ಚ್ ಹಿಡಿದು ಹೋಗುವುದು ಬೇಡ. ಹೊರಗೆ ನೀರು ಬೀಳುವಲ್ಲಿ ಕೊಡ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟರೆ ಸಾಕು.

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಆದರೂ ಬೇಸಗೆಯಲ್ಲಿ ಟ್ಯಾಂಕರ್ ಕೇಳುತ್ತೇವೆ! ಮೇಲಿನ ಗುಡ್ಡವನ್ನು ಜೆಸಿಬಿಯಲ್ಲಿ ಬೋಳಿಸಿದ ಮೇಲೆ ಸುರಂಗ ಬತ್ತಿತೆಂದು ನನ್ನಲ್ಲಿ ದೂರಿದರೆ ನಾನೇನು ಮಾಡಲಿ?

ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಹರಿವು ಇರುವಾಗಲೇ ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಹಾಕಬೇಕು. ಕಟ್ಟ ನಿಂತರೆ ಆಚೀಚೆಯ ಬಾವಿಗಳಿಗೂ ಒರತೆ. ಮಣ್ಣು ತುಂಬಿಸಲು ಹಳೆ ಸಿಮೆಂಟ್ ಚೀಲ ಇರುವವರು ಇಲ್ಲೇ ತಿಳಿಸಿ. ಹರಿದದ್ದು ಬೇಡ ಮಾರಾಯ್ರೆ.