ಲೆಗ್‌ಹಾರ್ನ್ ಕೋಳಿ ತರುವ ಗೆಳೆಯನಿಗೆ

ಮೈಸೂರು

ಪ್ರೀತಿಯ ಗೆಳೆಯ,

ಹಿತ್ತಿಲಲ್ಲಿ ಬಿಳಿ ಲೆಗ್‌ಹಾರ್ನ್ ಸಾಕಬೇಕು ಅಂದೆಯಲ್ಲ, ಫೋನಿನಲ್ಲಿ ಎಲ್ಲ ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ.

ನಿಮ್ಮವ್ವ ನಾಟಿ ಕೋಳಿ ಸಾಕಿದ ಲೆಕ್ಕ ಇದಕ್ಕೆ ಹೊಂದುವುದಿಲ್ಲ ಕಣೋ. ನಾಟಿ ಹೇಟೆ ಒಂದಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ಮರಿ ಮಾಡಿಕೊಂಡು ತಿರುಗುತ್ತದೆ. ಇಟಲಿ ಮೂಲದ ಈ ತಳಿಗೆ ಕಾವಿನ ಗೊಡವೆಯೇ ಇಲ್ಲವೆನ್ನಬೇಕು. ಕೂರದೆ ಇಡುತ್ತಲೇ ಹೋಗುವುದರಿಂದ, ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರಿಂದ 300 ಮೊಟ್ಟೆ ಸಿಗುತ್ತವೆ. ಬರೀ ಮೊಟ್ಟೆಗಾದರೆ ಹುಂಜ ಬೇಕಿಲ್ಲ. ಬಾಡೂಟದ ಆಸೆ ಮಾತ್ರ ಇಟ್ಟುಕೊಳ್ಳಬೇಡ, ಹೇಟೆಯ ತೂಕ ಎರಡು ಕೆ.ಜಿ.ಯ ಆಸುಪಾಸಷ್ಟೇ.

ಇಷ್ಟು ಕೊಡುವ ಹಕ್ಕಿಗೆ ನಾವು ಹಾಕುವುದು ಸಾಲದೆ ಹೋದರೆ ಅದು ತನ್ನ ಮೈಯಿಂದಲೇ ತೆಗೆದು ಕೊಡುತ್ತದೆ. ನನಗೆ ಸಂಕಟವಾಗುವುದು ಅಲ್ಲೇ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಅಷ್ಟು ಇಲ್ಲದಿದ್ದರೆ ಮೂಳೆಯಿಂದ ಕರಗಿ ಬರುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಕೋಳಿಯೇ ಕಾಲಿನಲ್ಲಿ ಸೋಲುತ್ತದೆ. ರಾಗಿ, ಜೋಳದ ನುಚ್ಚು, ಅಡುಗೆಮನೆಯ ಅನ್ನ ಎಸೆದು ಸುಮ್ಮನಿದ್ದರೆ ನಡೆಯದು. ದಿನಕ್ಕೆ ಒಂದಕ್ಕೆ 110 ಗ್ರಾಂನಷ್ಟು ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಗೆಂದೇ ಮಾಡಿದ ಮೇವು, ಹಾಕು, ಸೊಪ್ಪು ಸದೆ ಅದರ ಮೇಲಿನದು. ಚಿಪ್ಪು ಗಟ್ಟಿಯಾಗುವುದು ಹೆಚ್ಚಾಗಿ ರಾತ್ರಿ ಹೊತ್ತು, ಹಾಗಾಗಿ ಸಂಜೆಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡು, ಬೇಕಾದಷ್ಟು ಅದೇ ಹೆಕ್ಕಿಕೊಳ್ಳುತ್ತದೆ. ಆದರೆ ಇನ್ನೂ ಮೊಟ್ಟೆಗೆ ಬರದ ಕೋಳಿಗೆ ಲೇಯರ್ ಫೀಡ್ ಹಾಕಬೇಡ. ಆ ವಯಸ್ಸಿಗೆ ಅಷ್ಟು ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತದೆ.

ಕೊಳ್ಳುವಾಗ ಒಂದು ದಿನದ ಮರಿ ಬೇಡ, ಮೂರು ನಾಲ್ಕು ತಿಂಗಳದ್ದು ಹುಡುಕು. ಮರಿಗೆ ಮೊದಲ ವಾರ 35 ಡಿಗ್ರಿಯಷ್ಟು ಬಿಸಿ ಬೇಕು, ನಿಮ್ಮೂರ ಕರೆಂಟನ್ನು ನಂಬಿ ಬಲ್ಬಿನ ಕೆಳಗೆ ಮರಿ ಬಿಡುವ ಧೈರ್ಯ ನನಗಿಲ್ಲ. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳ ಹತ್ತಿರ ಹೋಗಲೇಬೇಡ. ಹೆಚ್ಚಿನವು ಮೊಟ್ಟೆ ತಳಿಯ ಗಂಡು, ಮರಿ ಮಾಡಿಸಿ ಮಾರುವ ಹ್ಯಾಚರಿಗೆ ಬೇಡವಾದವು.

ಪ್ರಾಯದ ಕೋಳಿ ಅಂತ ಹೇಳಿ ಮುದಿಯದನ್ನು ಕೊಡುವವರೂ ಇದ್ದಾರೆ. ಕಾಲು ನೋಡು. ಇನ್ನೂ ಮೊಟ್ಟೆ ಇಡದ ಲೆಗ್‌ಹಾರ್ನ್ ಕಾಲು ಒಳ್ಳೆ ಹಳದಿಯಾಗಿರುತ್ತದೆ, ತಿಂಗಳುಗಟ್ಟಲೆ ಇಟ್ಟಿದ್ದರೆ ಬಿಳಿಚಿಕೊಂಡಿರುತ್ತದೆ. ಜುಟ್ಟೂ ಸುಳ್ಳು ಹೇಳುವುದಿಲ್ಲ, ಮೊಟ್ಟೆಗೆ ಬಂದ ಮೇಲೆಯೇ ಅದು ಕೆಂಪಗೆ ಬೆಳೆದು ಒಂದು ಪಕ್ಕಕ್ಕೆ ವಾಲುವುದು.

ಲಸಿಕೆಯ ವಿಷಯ ಕೇಳಿ ತಿಳಿದುಕೋ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಔಷಧಿ ಇಲ್ಲ, ಬೀದಿಗೆ ಬೀದಿಯೇ ಖಾಲಿ. ಎಂಟು ವಾರ ದಾಟಿದ ಕೋಳಿಗೆ ಅದನ್ನು ತಡೆಯುವ ಆರ್‌2ಬಿ ಲಸಿಕೆ ಚುಚ್ಚಿಸಬೇಕು. ಸೀಸೆ ಬರುವುದೇ ನೂರು ಕೋಳಿಗಾಗುವಷ್ಟು, ಕಲಸಿದ ಮೇಲೆ ಗಂಟೆಗಳಲ್ಲಿ ಮುಗಿಸಬೇಕು. ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡು, ಕೇರಿಯವರ ನಾಟಿ ಕೋಳಿಗಳನ್ನೂ ಅದೇ ದಿನ ಸೇರಿಸಿಬಿಡು. ಅವುಗಳಿಗೂ ಒಳ್ಳೆಯದು, ನಿನ್ನವಕ್ಕೂ ಕಾವಲು.

ಗೂಡು ಮೊದಲು, ಕೋಳಿ ಆಮೇಲೆ. ಇವು ಹಗುರ ಮೈಯವು, ಗಾಬರಿಯಾದರೆ ಆಳೆತ್ತರದ ಬೇಲಿ ಹಾರಿ ಮರ ಹತ್ತುತ್ತವೆ. ನಿಮ್ಮ ಮನೆ ಹಿಂದೆಯೇ ಕಬ್ಬಿನ ಗದ್ದೆ, ಮುಂಗುಸಿ, ಕಾಡುಬೆಕ್ಕು ಅಲ್ಲಿಂದಲೇ ಬರುವುದು. ಮೇಲೂ ಸುತ್ತಲೂ ಸಣ್ಣ ಕಣ್ಣಿನ ಜಾಲರಿ ಹಾಕಿಸು, ನೆಲಕ್ಕೆ ಭತ್ತದ ಹೊಟ್ಟು ಹರಡು, ಏಪ್ರಿಲ್ ಬಿಸಿಲಿಗೆ ನೆರಳೂ ತಣ್ಣನೆ ನೀರೂ ಇರಲಿ. ಫಾರಂಗಳಲ್ಲಿ ಮೊಟ್ಟೆ ಹೆಚ್ಚಲೆಂದು ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನೀನು ಹಾಗೆ ಮಾಡಬೇಡ, ಚಳಿಗಾಲದಲ್ಲಿ ನಾಲ್ಕು ಮೊಟ್ಟೆ ಕಡಿಮೆಯಾದರೆ ಆಗಲಿ.

ಇನ್ನೊಂದನ್ನು ಮನೆಯಲ್ಲಿ ಕೂತು ಮಾತಾಡಿಕೋ. ಎರಡು ವರ್ಷ ಕಳೆದಂತೆ ಮೊಟ್ಟೆ ಇಳಿಯುತ್ತದೆ, ಕೋಳಿ ಮಾತ್ರ ಇನ್ನೂ ಕೆಲವು ವರ್ಷ ಬದುಕಬಲ್ಲದು. ಆಗ ಇಟ್ಟುಕೊಳ್ಳುತ್ತೀರೋ, ಮಾರುತ್ತೀರೋ? ಮಕ್ಕಳು ಹೆಸರಿಟ್ಟು ಕರೆಯಲು ಶುರುಮಾಡಿದ ಮೇಲೆ ಈ ಮಾತು ಎತ್ತುವುದು ಕಷ್ಟ. ಅವ್ವನ ಹತ್ತಿರವೂ ಕೇಳಿ ನನಗೆ ತಿಳಿಸು. ಕೋಳಿ ನೋಡಲು ಹೋಗುವ ದಿನ ನಾನೂ ಜೊತೆಗೆ ಬರುತ್ತೇನೆ.

ನಿನ್ನ ಗೆಳೆಯ