ಸ್ಟುಟ್‌ಗಾರ್ಟ್‌ನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು: ಮಗಳಿಗೊಂದು ಪತ್ರ

ಬೆಳಗಾವಿ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಂಪನಿಗೆ ಯಂತ್ರಭಾಗಗಳ ವಿನ್ಯಾಸ ಮಾಡಿಕೊಡುವ ಬಗ್ಗೆ ನೀನು ಕಳಿಸಿದ ಕರಡು ಒಪ್ಪಂದವನ್ನು ಸಾವಧಾನವಾಗಿ ಓದಿದೆ. ವಿನ್ಯಾಸದ ವಿಚಾರದಲ್ಲಿ ನಿನಗೆ ಹೇಳುವಷ್ಟು ನಾನು ತಿಳಿದವಳಲ್ಲ. ಆದರೆ ಇಲ್ಲಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ರಫ್ತು ಘಟಕಗಳ ಲೆಕ್ಕಪತ್ರ ನೋಡಿಕೊಂಡು ಬಂದವಳಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ನೀನು ಅವರಿಗೆ ಕೊಡಲು ಒಪ್ಪಿರುವುದು ಏನು, ಆ ಕೆಲಸ ನಡೆಯುವುದು ಎಲ್ಲಿ ಎಂಬ ಎರಡೂ ಒಪ್ಪಂದದಲ್ಲೇ ಸ್ಪಷ್ಟವಾಗಿ ಇರಬೇಕು. ವೀಸಾ, ತೆರಿಗೆ, ಬಿಲ್ಲು ಎಲ್ಲವೂ ಇವನ್ನೇ ಅವಲಂಬಿಸಿವೆ.

ಜರ್ಮನಿಯಲ್ಲಿ 1900ರ ಜನವರಿ 1ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯು ಸೇವಾ ಒಪ್ಪಂದವನ್ನೂ ಕಾಮಗಾರಿ ಒಪ್ಪಂದವನ್ನೂ ಬೇರೆಬೇರೆಯಾಗಿ ಕಾಣುತ್ತದೆ. 611ನೇ ಕಲಮಿನ 'ಡೀನ್ಸ್ಟ್‌ಫೆರ್ಟ್ರಾಗ್', ಅಂದರೆ ಸೇವಾ ಒಪ್ಪಂದದ ಪ್ರಕಾರ ನೀನು ಶ್ರದ್ಧೆಯಿಂದ ದುಡಿದರೆ ಸಂಭಾವನೆಗೆ ಅರ್ಹಳು. 631ನೇ ಕಲಮಿನ 'ವೆರ್ಕ್‌ಫೆರ್ಟ್ರಾಗ್', ಅಂದರೆ ಕಾಮಗಾರಿ ಒಪ್ಪಂದದ ಪ್ರಕಾರ ಮಾತು ಕೊಟ್ಟ ಫಲಿತಾಂಶವನ್ನೇ ಒಪ್ಪಿಸಬೇಕು, ಗ್ರಾಹಕರು ಅದನ್ನು ಸ್ವೀಕರಿಸಿದಾಗಲೇ ಹಣ ಸಲ್ಲುತ್ತದೆ, ದೋಷ ಕಂಡರೆ ನಿನ್ನ ಖರ್ಚಿನಲ್ಲೇ ತಿದ್ದಿಕೊಡಬೇಕು. ನಿನ್ನ ಕರಡಿನಲ್ಲಿ ದರವನ್ನು ಗಂಟೆಗಿಷ್ಟು ಎಂದು ಬರೆದಿದ್ದಾರೆ, ಆದರೆ ಅನುಬಂಧದಲ್ಲಿ 'ಉತ್ಪಾದನೆಗೆ ಸಿದ್ಧವಾದ ಸಂಪೂರ್ಣ ನಕ್ಷೆಗಳು' ಎಂದಿದೆ. ಈ ಗೊಂದಲವನ್ನು ಹಾಗೇ ಬಿಟ್ಟರೆ ಗಂಟೆಗಳನ್ನು ಲೆಕ್ಕ ಹಾಕಿ ದುಡಿದೂ ಫಲಿತಾಂಶದ ಹೊಣೆ ಹೊರುವ ಸ್ಥಿತಿ ಬಂದೀತು. ಫಲಿತಾಂಶದ ಒಪ್ಪಂದವೇ ಬೇಕೆಂದು ಅವರು ಹೇಳಿದರೆ ಒಪ್ಪಿಕೋ, ಹೆದರಬೇಕಾಗಿಲ್ಲ. ಆದರೆ ಪ್ರತಿ ಹಂತಕ್ಕೂ ಹಣ, ಪ್ರತಿ ನಕ್ಷೆಗೂ ಸ್ವೀಕಾರದ ಮಾನದಂಡ, ಉತ್ತರಿಸಲು ಅವರಿಗೊಂದು ಗಡುವು, ಇವಿಷ್ಟನ್ನು ಸೇರಿಸಲು ಕೇಳು. ಕೆಲಸ ಮುಗಿದ ಮೇಲೆ ನೀನು ಕೊಟ್ಟ ಸಮಂಜಸ ಗಡುವಿನೊಳಗೆ ಒಂದಾದರೂ ದೋಷವನ್ನು ಹೆಸರಿಸಿ ಅವರು ನಿರಾಕರಿಸದಿದ್ದರೆ ಸ್ವೀಕರಿಸಿದಂತೆಯೇ ಎಂದು 640ನೇ ಕಲಮು ಹೇಳುತ್ತದೆ. ಹೊಸದಾಗಿ ಕಾಲಿಡುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ನನಗೆ ಆ ಕಾನೂನಿನಲ್ಲಿ ಕಾಣಲಿಲ್ಲ.

ಇನ್ನು ಸ್ಥಳದ ಮಾತು. ವಿನ್ಯಾಸವೆಲ್ಲ ಬೆಂಗಳೂರಿನಲ್ಲೇ ನಡೆದು, ನೀನು ಸಭೆಗಳಿಗಷ್ಟೇ ಹೋಗಿ ಬರುವುದಾದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವ್ಯವಹಾರ ವೀಸಾ ಸಾಕು. ಅದರಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಅದು ಮಾತುಕತೆಗೆ, ಸಹಿಗೆ ಇರುವ ವೀಸಾ. ಅವರ ಕಚೇರಿಯಲ್ಲಿ ದಿನವೂ ಕುಳಿತು ಕೆಲಸ ಮಾಡಿಕೊಡಬೇಕೆಂದು ಕೇಳಿದರೆ, ಸ್ವಯಂ ಉದ್ಯೋಗಕ್ಕಾಗಿ ಅಲ್ಲಿನ ನಿವಾಸ ಕಾಯ್ದೆಯ 21ನೇ ಕಲಮಿನಡಿ ಕೊಡುವ ಪರವಾನಗಿಯಂಥ ತಕ್ಕ ಅನುಮತಿ ಕೈಗೆ ಬರುವವರೆಗೆ ಒಪ್ಪಬೇಡ. ಅಲ್ಲಿ ನಿನಗೆಂದೇ ಕಾಯಂ ಕಚೇರಿ ಏರ್ಪಟ್ಟರೆ ಭಾರತ ಮತ್ತು ಜರ್ಮನಿ 1995ರಲ್ಲಿ ಮಾಡಿಕೊಂಡ ದ್ವಿತೆರಿಗೆ ತಡೆ ಒಪ್ಪಂದದಂತೆ ಆ ಆದಾಯಕ್ಕೆ ಅಲ್ಲಿಯೂ ತೆರಿಗೆ ಬರುತ್ತದೆ. ವಿಸಿಟಿಂಗ್ ಕಾರ್ಡ್ ಮುದ್ರಿಸುವ ಮೊದಲು ಇದೂ ನೆನಪಿರಲಿ: 'ಇಂಜೆನಿಯರ್' ಎಂಬ ಬಿರುದಿಗೆ ಆ ದೇಶದಲ್ಲಿ ಕಾನೂನಿನ ರಕ್ಷಣೆಯಿದೆ, ನಮ್ಮ ಪದವಿಯ ಬಲದಿಂದಷ್ಟೇ ಅದನ್ನು ಹೆಸರಿನ ಜೊತೆ ಹಾಕಿಕೊಳ್ಳುವಂತಿಲ್ಲ.

ಇಲ್ಲಿಯ ಕಾಗದಗಳು ಸುಲಭ. ಜಿಎಸ್‌ಟಿ ಜಾಲತಾಣದಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಸೇವೆ ರಫ್ತು ಮಾಡಬಹುದು. ಅದು ಮಾರ್ಚ್ 31ಕ್ಕೆ ಮುಗಿಯುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಮೊದಲ ಬಿಲ್ಲಿಗೆ ಮುನ್ನ ಹೊಸದನ್ನು ಸಲ್ಲಿಸು, ತಪ್ಪಿದರೆ ಶೇ 18ರಷ್ಟು ಐಜಿಎಸ್‌ಟಿ (ಸಮಗ್ರ ಜಿಎಸ್‌ಟಿ) ಕಟ್ಟಿ ಮರುಪಾವತಿಗೆ ಕಾಯಬೇಕಾಗುತ್ತದೆ. ಯೂರೋ ಬಂದದ್ದಕ್ಕೆ ಬ್ಯಾಂಕಿನ ಪ್ರಮಾಣಪತ್ರವನ್ನು ಪ್ರತಿ ಬಿಲ್ಲಿನ ಜೊತೆ ಲಗತ್ತಿಸಿಡು. ಬಿಲ್ಲಿನಲ್ಲಿ ಜರ್ಮನಿಯ ಶೇ 19ರ ಮೌಲ್ಯವರ್ಧಿತ ತೆರಿಗೆ ಸೇರಿಸಬೇಡ. ಕಂಪನಿಗೆ ಕೊಡುವ ಇಂಥ ಸೇವೆಗೆ ಅದರ ಹೊಣೆ ಸೇವೆ ಪಡೆಯುವವರದು, ಆ ವಾಕ್ಯವನ್ನು ಬಿಲ್ಲಿನಲ್ಲೇ ಬರೆದರೆ ಅವರ ಲೆಕ್ಕ ವಿಭಾಗ ಪ್ರಶ್ನೆ ಕೇಳುವುದಿಲ್ಲ.

ಇಷ್ಟೆಲ್ಲ ಬರೆದದ್ದು ನಿನ್ನನ್ನು ಹಿಂದೆಳೆಯಲು ಅಲ್ಲ. ನಿನ್ನ ಕೆಲಸದ ಬೆಲೆ ನಿನಗೆ ಪೂರ್ತಿಯಾಗಿ ಸಿಗಬೇಕೆಂಬುದು ನನ್ನ ಆಸೆ. ಅನುಬಂಧದ ಆ ಸಾಲನ್ನು ಈ ವಾರವೇ ತಿದ್ದಿಸು, ಅಲ್ಲಿಯ ತೆರಿಗೆ ಸಲಹೆಗಾರರೊಬ್ಬರಿಗೆ ತೋರಿಸು, ತಿದ್ದಿದ ಪ್ರತಿಯನ್ನು ಸಹಿಗೆ ಮುನ್ನ ನನಗೂ ಕಳಿಸು.

ಇಂತಿ ನಿನ್ನ
ಅಮ್ಮ